ಸಾಲ, ಜಾಮೀನು ಮತ್ತು ಗಾಲಿಕುರ್ಚಿ



ವಿಕಲಚೇತನರ ಸಾಲ, ಸಲಕರಣೆಗಳ ಕುರಿತ ಈ ವಿಚಾರ ಸಂಕಿರಣವನ್ನು ಬೆಂಗಳೂರಿನಲ್ಲಿ ಮಾಡದೆ ಕುರ್ತಕೋಟಿಗೆ ತಂದ ಸಂಘಟಕರಿಗೆ ಮೊದಲು ನನ್ನ ಕೃತಜ್ಞತೆ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹೆಸರಿನಲ್ಲಿ ಈ ಊರನ್ನು ನಾಡೆಲ್ಲ ಬಲ್ಲದು. ಸಹಕಾರ ಸಂಘಗಳ ಲೆಕ್ಕ ನೋಡುತ್ತಲೇ ಕೂದಲು ಬೆಳ್ಳಗಾದ ನನಗೆ ಗದಗ ತಾಲ್ಲೂಕು ಇನ್ನೊಂದು ಕಾರಣಕ್ಕೂ ದೊಡ್ಡದು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದ ಕಣಗಿನಹಾಳ ಇದೇ ತಾಲ್ಲೂಕಿನದು. ಇವತ್ತು ನನ್ನ ಮಾತು ಮತ್ತೆ ಮತ್ತೆ ಆ ಊರಿಗೇ ಹೊರಳಿದರೆ ಸಹಿಸಿಕೊಳ್ಳಬೇಕು.

ವಿಕಲಚೇತನರಿಗೆ ಸಾಲ ಎಂದೊಡನೆ ನಾವು ಬಡ್ಡಿದರವನ್ನೇ ಹಿಡಿದು ಕೂರುತ್ತೇವೆ. ಆ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. 1997ರಲ್ಲಿ ಹುಟ್ಟಿದ ರಾಷ್ಟ್ರೀಯ ಅಂಗವಿಕಲರ ಹಣಕಾಸು ಮತ್ತು ಅಭಿವೃದ್ಧಿ ನಿಗಮವು 50 ಸಾವಿರದೊಳಗಿನ ಸಾಲಕ್ಕೆ ವರ್ಷಕ್ಕೆ ಶೇ 5ರ ಬಡ್ಡಿ ಇಟ್ಟಿದೆ. ಅಂಗಡಿ ಹಾಕಲಿಕ್ಕೂ ಆದೀತು, ಸಾಧನ ಸಲಕರಣೆ ಕೊಳ್ಳಲಿಕ್ಕೂ ಆದೀತು. ನಮ್ಮ ರಾಜ್ಯದ ‘ಆಧಾರ’ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಸಹಾಯಧನವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಮು ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ 5 ಮೀಸಲು ಕೊಟ್ಟಿದೆ. ಇವೆಲ್ಲದರ ಸಾಧಕಬಾಧಕವನ್ನು ಧಾರವಾಡದ ಅರ್ಥಶಾಸ್ತ್ರದ ಗೆಳೆಯರು ಮಧ್ಯಾಹ್ನ ಬಿಡಿಸಿ ಹೇಳುತ್ತಾರೆ.

ನನ್ನ ತಕರಾರು ಬೇರೆ. ಸಲಕರಣೆಯನ್ನು ದಾನದ ಖಾತೆಗೆ ಬರೆದೆವು, ದುಡಿಮೆಯನ್ನು ಸಾಲದ ಖಾತೆಗೆ ಬರೆದೆವು. ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲಿ. 1981ರಿಂದ ಕೇಂದ್ರದ ಎಡಿಪ್ ಯೋಜನೆಯಲ್ಲಿ ಶಿಬಿರ ಹಾಕಿ ಗಾಲಿಕುರ್ಚಿ, ಊರುಗೋಲು, ತ್ರಿಚಕ್ರ ಸೈಕಲ್ ಹಂಚುತ್ತ ಬಂದಿದ್ದೇವೆ. ಅದರಿಂದ ಮನೆಯ ಹೊಸ್ತಿಲು ದಾಟಿದವರು ಬಹಳ ಜನ; ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆ ಸಾಧನವೇ ದುಡಿಮೆಯ ಬಂಡವಾಳ ಎಂದು ಸಾಲ ಕೊಡುವವರ ಮೇಜಿನ ಮುಂದೆ ಒಪ್ಪಿಸುವುದು ಇವತ್ತಿಗೂ ಕಷ್ಟ.

ಬೆಟಗೇರಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಪೋಲಿಯೋದಿಂದ ಎರಡೂ ಕಾಲು ಸೋತಿವೆ. ಜಂಪರು ಹೊಲಿಯುವುದರಲ್ಲಿ ಅವಳ ಕೈ ಬಲು ಚೊಕ್ಕ. ತುಳಿಯಲಾಗದ್ದರಿಂದ ಮಷೀನಿಗೆ ಮೋಟಾರು ಬೇಕು. ಮೋಟಾರಿನ ಪೆಡಲೂ ಕಾಲಿನದೇ ಆದ್ದರಿಂದ ಅದನ್ನು ಮೇಜಿನ ಮೇಲೆ ತಂದು ಮೊಣಕೈಯಿಂದ ಒತ್ತುವಂತೆ ಕೂರಿಸಬೇಕು. ಸಾಲ ಕೇಳಿದ ಕಡೆ ಮಷೀನಿಗೆ ಒಪ್ಪಿದರು. ಉಳಿದದ್ದು ಅಂಗವಿಕಲರ ಸಲಕರಣೆ, ಶಿಬಿರಕ್ಕೆ ಹೋಗಮ್ಮ ಎಂದರು. ಶಿಬಿರದಲ್ಲಿ, ಹೊಲಿಗೆಯ ಸಾಮಾನು ನಮ್ಮ ಪಟ್ಟಿಯಲ್ಲಿಲ್ಲ ಎಂದರು. “ಮೋಟಾರ್ ಇಲ್ಲದ ಮಷೀನ್ ತಗೊಂಡು ಏನ್ ಮಾಡ್ಲಿರೀ, ಪೂಜಾ ಮಾಡ್ಲೇನು?” ಎಂದು ನನ್ನನ್ನೇ ಕೇಳಿದಳು. ಕೊನೆಗೆ ಮೋಟಾರಿನ ದುಡ್ಡು ಹುಟ್ಟಿದ್ದು ಖಾಸಗಿಯವರ ಹತ್ತಿರ, ನೂರಕ್ಕೆ ತಿಂಗಳಿಗೆ ಐದು ರೂಪಾಯಿಯಂತೆ. ನಿಗಮ ವರ್ಷಕ್ಕೆ ಕೇಳುವುದನ್ನು ಅವಳು ತಿಂಗಳು ತಿಂಗಳು ಕಟ್ಟಿದಳು.

ಸರಿ, ಎರಡು ಖಾತೆ ಒಂದಾದವು ಎಂದುಕೊಳ್ಳೋಣ. ಆಗ ಬಹಳ ವರ್ಷಗಳಿಂದ ನನ್ನನ್ನು ಬಿಡದ ಪ್ರಶ್ನೆ ಏಳುತ್ತದೆ. ಸಾಲದ ಮೇಲೆ ಕೊಂಡ ಗಾಲಿಕುರ್ಚಿಯ ಕಂತು ನಿಂತರೆ ಕುರ್ಚಿಯನ್ನು ಜಪ್ತಿ ಮಾಡಬಹುದೇ?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೋರ್ಟು ಜಪ್ತಿ ಮಾಡಬಾರದ ವಸ್ತುಗಳನ್ನು ಹೆಸರಿಸಿದೆ: ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರು, ರೈತನ ಕೃಷಿ ಉಪಕರಣ. ಬಡಗಿಯ ಉಳಿ, ರೈತನ ಕುಂಟೆ ಮುಟ್ಟಬಾರದು ಎಂಬ ವಿವೇಕ ಆ ಕಾಲಕ್ಕೇ ಇತ್ತು. ಊರುಗೋಲು, ಗಾಲಿಕುರ್ಚಿ, ಶ್ರವಣ ಸಾಧನದ ಹೆಸರು ಅಲ್ಲಿಲ್ಲ. ಹೆಸರು ಸೇರಿಸಿದರೂ ತೊಡಕು ಮುಗಿಯದು. ಮುಟ್ಟುವಂತಿಲ್ಲ ಎಂದರೆ ಬ್ಯಾಂಕಿನವರು ಭದ್ರತೆ ಎಲ್ಲಿ ಎನ್ನುತ್ತಾರೆ, ಸಾಲ ಹುಟ್ಟುವುದಿಲ್ಲ. ಮುಟ್ಟಬಹುದು ಎಂದರೆ ಒಬ್ಬ ಮನುಷ್ಯನ ಕಾಲನ್ನೇ ಅಡವಿಟ್ಟುಕೊಂಡಂತೆ. ವಕೀಲರನ್ನು ಕೇಳಿದ್ದೇನೆ, ಬ್ಯಾಂಕಿನ ಹಿರಿಯರನ್ನು ಕೇಳಿದ್ದೇನೆ. ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ.

ಅದಕ್ಕೇ ಕಣಗಿನಹಾಳದ ಕಡೆ ನೋಡುತ್ತೇನೆ. ಹಳ್ಳಿಯ ಸಂಘಗಳು ಆಗ ಅಪರಿಮಿತ ಹೊಣೆಗಾರಿಕೆಯವು. ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಬಾಧ್ಯರು. ಅಂಥ ಸಂಘ ರಿಜಿಸ್ಟ್ರಾರರ ಅಪ್ಪಣೆಯಿಲ್ಲದೆ ಚರಾಸ್ತಿಯ ಭದ್ರತೆಯ ಮೇಲೆ ಸಾಲ ಕೊಡಬಾರದು ಎಂದು 1912ರ ಸಹಕಾರ ಕಾಯ್ದೆಯೇ ಹೇಳಿತ್ತು. ಪರಸ್ಪರ ಬಲ್ಲವರ ಹೊಣೆಯೇ ಅಲ್ಲಿ ಭದ್ರತೆ. ಇಂದು ಅದೇ ಪರಂಪರೆಯ ಸಂಘಗಳಲ್ಲಿ ರೈತನಿಗೆ ಶೂನ್ಯ ಬಡ್ಡಿಗೆ 5 ಲಕ್ಷದವರೆಗೆ ಬೆಳೆಸಾಲವಿದೆ. ಅದು ಇರಲೇಬೇಕು. ಆದರೆ ಅಣ್ಣತಮ್ಮಂದಿರ ಹೊಲದ ಉತಾರದಲ್ಲಿ ಹೆಸರೇ ಇಲ್ಲದ ಅಂಗವಿಕಲ ಮಗ, ಮಗಳು ಯಾವ ಬಾಗಿಲು ತಟ್ಟಬೇಕು?

ಅಂಗವಿಕಲರು ದುಡಿಯಬಲ್ಲರೇ ಎಂದು ಅನುಮಾನಿಸುವವರು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬರಬೇಕು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು, ಸಂಗೀತ ಕಲಿಸಿದ್ದು ಎಲ್ಲರಿಗೂ ಗೊತ್ತು. ಅವರು ನಾಟಕ ಕಂಪನಿಯನ್ನೂ ನಡೆಸಿದರು. ಪರದೆ, ವೇಷ, ವಾದ್ಯ, ಬಂಡಿಬಾಡಿಗೆ, ನಟರ ಊಟ ಇಷ್ಟನ್ನೂ ಹೊಂದಿಸಿಕೊಂಡು ಊರೂರು ತಿರುಗುವುದು ಸಣ್ಣ ಉದ್ಯಮವೇ? ಉದ್ಯಮಿಗಳ ಚರಿತ್ರೆ ಬರೆಯುವವರು ಅವರನ್ನು ಇನ್ನೂ ಆ ಪುಟಗಳಿಗೆ ಸೇರಿಸಿಕೊಂಡಿಲ್ಲ. ನನಗೆ ಇದು ನೋವಿನ ಸಂಗತಿ.

ಈ ಎರಡು ದಿನಗಳಲ್ಲಿ ನನಗೆ ಬೇಕಾದದ್ದು ಒಂದು ಪುಟದ ಕರಡು. ಸಲಕರಣೆಯನ್ನು ಅಡವು ಮಾಡಿಕೊಳ್ಳದೆ, ಅದು ಕೆಟ್ಟು ರಿಪೇರಿಗೆ ಹೋದ ದಿನಗಳಲ್ಲಿ ಕಂತು ಕೇಳದೆ, ಒಂದು ಹಳ್ಳಿಯ ಪತ್ತಿನ ಸಂಘ ಸಾಲ ಕೊಡಬೇಕಾದರೆ ಅದರ ಉಪವಿಧಿಯಲ್ಲಿ ಏನು ಬರೆಯಬೇಕು? ನಷ್ಟವಾದರೆ ಸದಸ್ಯರು ಹೊರುತ್ತಾರೆಯೇ, ಸರ್ಕಾರ ಖಾತರಿ ನಿಲ್ಲಬೇಕೇ? ಸದಸ್ಯರೇ ಹೊರಬೇಕು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಅವರನ್ನು ಒಪ್ಪಿಸುವುದು ಹೇಗೆಂದು ನನಗೆ ತಿಳಿದಿಲ್ಲ. ಸಂಘಗಳ ಕಾರ್ಯದರ್ಶಿಗಳು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ದಯವಿಟ್ಟು ಮುಂದೆ ಬನ್ನಿ, ಮೊದಲ ಗೋಷ್ಠಿ ನಿಮ್ಮಿಂದಲೇ ಶುರುವಾಗಲಿ.