‘ನಾಲ್ಕು ಜನ ಏನೆಂದಾರು?’

(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)

ವಾಚನಗಳು: ಮೀಕ 5:1-4, ಮತ್ತಾಯ 1:1-16, 18-23



ಒಂಬತ್ತು ದಿನ ಮಳೆಯನ್ನೂ ಲೆಕ್ಕಿಸದೆ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಂದು, ಪುಟ್ಟ ಮರಿಯಮ್ಮನ ಮುಂದೆ ಹೂವು ಅರ್ಪಿಸಿದ್ದೀರಿ. ಇಂದು ಆಶೀರ್ವದಿಸಿದ ತೆನೆ ನಿಮ್ಮ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳನ್ನು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ. ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಕ್ಕಳಿಗೆಂದು ನಾಲ್ಕು ಕಾಳು ಕಾಗದದಲ್ಲಿ ಕಟ್ಟಿಡುತ್ತಾರೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮ ಹಿರಿಯರು ತಂದ ಒಳ್ಳೆಯ ಆಸ್ತಿಗಳಲ್ಲಿ ಈ ಊಟವೂ ಒಂದು.

ಹಬ್ಬ ಇಷ್ಟು ಸಿಹಿಯಾದರೂ ಇಂದಿನ ಶುಭಸಂದೇಶ ಕೇಳುವಾಗ ಕೆಲವರಿಗೆ ತೂಕಡಿಕೆ ಬಂದಿರಬಹುದು. ಅಬ್ರಹಾಮನಿಂದ ಇಸಾಕ, ಇಸಾಕನಿಂದ ಯಕೋಬ, ಹೀಗೆ ಹೆಸರುಗಳ ದೊಡ್ಡ ಪಟ್ಟಿ. ಆದರೆ ಈ ಪಟ್ಟಿಯಲ್ಲಿ ಮತ್ತಾಯನು ಯಾರೂ ನಿರೀಕ್ಷಿಸದ ಒಂದು ಕೆಲಸ ಮಾಡಿದ್ದಾನೆ. ಗಂಡಸರ ಹೆಸರುಗಳ ನಡುವೆ ತಾಮಾರಳನ್ನು, ರಾಹಾಬಳನ್ನು, ರೂತಳನ್ನು, ಊರಿಯನ ಹೆಂಡತಿಯನ್ನು ತಂದು ಕೂರಿಸಿದ್ದಾನೆ. ರಾಹಾಬಳು ಜೆರಿಕೋದವಳು, ರೂತಳು ಮೋವಾಬ್ಯಳು, ಇಬ್ಬರೂ ಹೊರಗಿನವರು. ನಮ್ಮ ಮನೆತನದ ಚರಿತ್ರೆ ಬರೆಯುವಾಗ ನಾವಾದರೆ ಇಂಥ ಹೆಸರುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದೆವು. ‘ನಾಲ್ಕು ಜನ ಏನೆಂದಾರು?’ ಎಂಬ ಅಂಜಿಕೆ ನಮಗೆ. ದೇವರಿಗೆ ಆ ಅಂಜಿಕೆ ಇಲ್ಲ.

ಇಂದು ನಾನು ನಿಮ್ಮೊಡನೆ ಧ್ಯಾನಿಸಬೇಕೆಂದಿರುವುದು ಈ ಒಂದು ಮಾತನ್ನೇ. ನಮ್ಮ ಕಾಲದ ನಡೆನುಡಿ ಕೆಟ್ಟಿದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ಕೆಡುವುದು ಹೇಗೆ? ಸರಿಹೋಗುವುದು ಯಾರಿಂದ?

ನೀತಿವಂತನಾದ ಜೋಸೆಫ

ಪಟ್ಟಿ ಮುಗಿದ ಕೂಡಲೇ ಜೋಸೆಫರ ಸಂಕಟ ಬರುತ್ತದೆ. ನಿಶ್ಚಯವಾದ ಹೆಣ್ಣು ಗರ್ಭಿಣಿಯೆಂದು ತಿಳಿಯಿತು. ಆಕೆಯನ್ನು ಜನರ ಮುಂದೆ ನಿಲ್ಲಿಸಿ ತನ್ನ ಮಾನ ಉಳಿಸಿಕೊಳ್ಳಲು ಅವರಿಗೆ ಧರ್ಮಶಾಸ್ತ್ರದ ಆಧಾರವಿತ್ತು, ಊರಿನ ಬೆಂಬಲವೂ ಇರುತ್ತಿತ್ತು. ಆದರೆ ಮತ್ತಾಯನು ಜೋಸೆಫರನ್ನು ನೀತಿವಂತರೆಂದು ಕರೆದು, ಅದೇ ಉಸಿರಿನಲ್ಲಿ ಅವರು ಆಕೆಯನ್ನು ಬಯಲಿಗೆಳೆಯಲು ಒಪ್ಪಲಿಲ್ಲ ಎನ್ನುತ್ತಾನೆ. ದೇವದೂತನು ಕನಸಿನಲ್ಲಿ ಬರುವ ಮೊದಲೇ ಅವರ ಮನಸ್ಸಾಕ್ಷಿ ಎಚ್ಚರವಾಗಿತ್ತು. ಆ ಮೇಲೆ ದೇವರ ಮಾತು ಕೇಳಿದಾಗ ಊರಿನ ಮಾತನ್ನು ಬದಿಗಿಟ್ಟು ಮರಿಯಮ್ಮನನ್ನು ಮನೆಗೆ ಕರೆತಂದರು.

ನಮ್ಮ ರಕ್ಷಣೆಯ ಕಥೆ ಆ ಮನೆಯಲ್ಲಿ ಮುಂದುವರಿಯಿತು. ‘ಎಲ್ಲರೂ ಮಾಡುವಂತೆ ಮಾಡುತ್ತೇನೆ’ ಎಂದು ಜೋಸೆಫರು ಹೊರಟಿದ್ದರೆ ತಾಯಿ ಮಗು ಇಬ್ಬರೂ ಬೀದಿಯಲ್ಲಿರುತ್ತಿದ್ದರು.

ನಮ್ಮ ಕಾಡಿನ ಸಾಕ್ಷಿ

‘ಎಲ್ಲರೂ ಮಾಡುತ್ತಾರೆ’ ಎಂಬ ಮಾತು ಎಷ್ಟು ದೊಡ್ಡ ಪಾಪವನ್ನು ಮುಚ್ಚಬಲ್ಲುದು ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಅಂಚಿನಲ್ಲಿ ನಮ್ಮ ಸಿದ್ದಿ ಬಂಧುಗಳಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಅವರ ಪೂರ್ವಜರಲ್ಲಿ ಬಹಳ ಜನರನ್ನು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದು ಗುಲಾಮರಾಗಿ ಮಾರಿದರು. ತಪ್ಪಿಸಿಕೊಂಡು ಬಂದವರಿಗೆ ಈ ಕಾಡು ಆಸರೆಯಾಯಿತು.

ಅವರನ್ನು ಕೊಂಡವರು ಯಾರು? ದೇವರಿಲ್ಲ ಎನ್ನುವವರಲ್ಲ. ಭಾನುವಾರ ತಪ್ಪದೆ ಬಲಿಪೂಜೆಗೆ ಹೋಗುತ್ತಿದ್ದ, ಮಕ್ಕಳಿಗೆ ಜಪಸರ ಕಲಿಸುತ್ತಿದ್ದ ಕ್ರೈಸ್ತ ಮನೆಯವರು. ಆ ಕಾಲದಲ್ಲಿ ಮನೆಗೊಬ್ಬ ಗುಲಾಮನಿರುವುದು ಗೌರವದ ಗುರುತಾಗಿತ್ತು. ಹದಿನೈದನೆಯ ಶತಮಾನದಲ್ಲಿ ಅದಕ್ಕೆ ದಾರಿಮಾಡಿಕೊಟ್ಟ ಪೋಪರ ಪತ್ರಗಳೂ ಉಂಟು. ಹಾಗೆಂದು ಧರ್ಮಸಭೆ ಸುಮ್ಮನೆ ಕೂರಲಿಲ್ಲ. 1839ರಲ್ಲಿ ಹದಿನಾರನೆಯ ಗ್ರೆಗೋರಿ ಪೋಪರು ಗುಲಾಮರ ವ್ಯಾಪಾರವನ್ನು ಕಟುವಾಗಿ ಖಂಡಿಸಿದರು. 1992ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಸೆನೆಗಾಲ್ ದೇಶದ ಗೋರೆ ದ್ವೀಪಕ್ಕೆ, ಗುಲಾಮರನ್ನು ಹಡಗು ಹತ್ತಿಸುತ್ತಿದ್ದ ಜಾಗಕ್ಕೆ ಹೋಗಿ, ಕ್ರೈಸ್ತರು ಮಾಡಿದ ಈ ಪಾಪಕ್ಕಾಗಿ ದೇವರ ಕ್ಷಮೆ ಬೇಡಿದರು.

ಈ ವಿಷಯದಲ್ಲಿ ನಮ್ಮ ಸಭೆಗೆ ಸೇರದ ಒಬ್ಬ ಕ್ರೈಸ್ತರನ್ನು ನೆನೆಯಬೇಕು. ಇಂಗ್ಲೆಂಡಿನ ವಿಲಿಯಂ ವಿಲ್ಬರ್‌ಫೋರ್ಸ್ ಇವ್ಯಾಂಜೆಲಿಕಲ್ ಪಂಥದ ವಿಶ್ವಾಸಿ, ಪಾರ್ಲಿಮೆಂಟಿನ ಸದಸ್ಯರು. 1787ರಲ್ಲಿ ತಮ್ಮ ದಿನಚರಿಯಲ್ಲಿ, ದೇವರು ತಮಗೆ ಎರಡು ಕೆಲಸ ವಹಿಸಿದ್ದಾರೆಂದು ಬರೆದುಕೊಂಡರು. ಒಂದು, ಗುಲಾಮರ ವ್ಯಾಪಾರ ನಿಲ್ಲಿಸುವುದು. ಇನ್ನೊಂದು, ದೇಶದ ಜನರ ನಡತೆ ತಿದ್ದುವುದು. 1791ರಲ್ಲಿ ಅವರ ಮಸೂದೆಗೆ 88 ಮತ ಬಂದರೆ ವಿರುದ್ಧವಾಗಿ 163 ಬಿದ್ದವು. ಅವರು ಎದೆಗುಂದಲಿಲ್ಲ, ಮತ್ತೆ ಮತ್ತೆ ತಂದರು. ಆಗ ಮನೆಮನೆಯ ಹೆಂಗಸರು ಗುಲಾಮರ ಬೆವರಿನಿಂದ ಬಂದ ಸಕ್ಕರೆಯನ್ನು ಅಡಿಗೆಮನೆಗೆ ತರುವುದಿಲ್ಲ ಎಂದರು. ಮೂರು ಲಕ್ಷದಷ್ಟು ಜನ ಸಕ್ಕರೆ ಬಿಟ್ಟರೆಂದು ಅಂದಿನವರು ಅಂದಾಜು ಮಾಡಿದ್ದರು. 1807ರಲ್ಲಿ ಅದೇ ಸಭೆಯಲ್ಲಿ 283 ಮತ ಪರವಾಗಿ ಬಿದ್ದವು, ವಿರುದ್ಧ ಕೇವಲ 16. ಪಾಪ ಅದೇ, ದೇಶ ಅದೇ. ಬದಲಾದದ್ದು ‘ಎಲ್ಲರೂ ಮಾಡುತ್ತಾರೆ’ ಎಂಬ ಮಾತು.

ಅವರ ಬಗ್ಗೆ ಒಂದು ಟೀಕೆಯೂ ಇತ್ತು, ಅದೂ ನಮಗೆ ಪಾಠ. ನಡತೆ ತಿದ್ದಲೆಂದು ಅವರೂ ಅವರ ಗೆಳೆಯರೂ ಬೆಂಬಲಿಸಿದ ಸಂಘ ಬಡವರ ಕುಡಿತ, ಬಡವರ ಜೂಜು ಹುಡುಕಿಕೊಂಡು ಹೋಗುತ್ತದೆ, ಶ್ರೀಮಂತರ ತಪ್ಪಿಗೆ ಕಣ್ಣು ಮುಚ್ಚುತ್ತದೆ ಎಂದು ಆ ಕಾಲದವರೇ ಹೇಳಿದರು. ನೀತಿ ಬೋಧಿಸುವ ನಮ್ಮೆಲ್ಲರಿಗೂ ಈ ಅಪಾಯ ಉಂಟು. ತೋಟಕ್ಕೆ ಬರುವ ಕೂಲಿಯವನು ಸಂಜೆ ಒಂದು ಪ್ಯಾಕೆಟ್ ಕುಡಿದರೆ ನಾವು ‘ಇವರು ಉದ್ಧಾರವಾಗುವ ಜನವಲ್ಲ’ ಎನ್ನುತ್ತೇವೆ. ನಮ್ಮದೇ ಮನೆಯ ರೋಸ್ ಸಮಾರಂಭದಲ್ಲಿ ಬಾಟಲಿಗಳ ಸಾಲು ನಿಂತರೆ ಅದಕ್ಕೆ ‘ಸಂಭ್ರಮ’ ಎಂದು ಹೆಸರಿಡುತ್ತೇವೆ.

ನಮ್ಮ ನೆಲದಲ್ಲೇ ಅಲ್ಲ ಎಂದವರು

ಪ್ರಿಯರೇ, ಊರೆಲ್ಲ ಒಪ್ಪಿಕೊಂಡದ್ದಕ್ಕೆ ‘ಇದು ಸರಿಯಲ್ಲ’ ಎನ್ನಲು ಇಂಗ್ಲೆಂಡಿಗೇ ಹೋಗಬೇಕಾಗಿಲ್ಲ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರು ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದರು. ಜಮೀನು ಜಫ್ತಿಯಾಯಿತು, ಹರಾಜಿಗೆ ಬಂತು, ಮನೆಗಳು ಬರಿದಾದವು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರೇ ಸತ್ಯಾಗ್ರಹಕ್ಕೆ ಕುಳಿತರು. ನಾಲ್ಕು ಜನರ ಮಾತಿಗೆ ಅಂಜುವ ಕಾಲ ಅದು, ಅದರಲ್ಲೂ ಹೆಂಗಸರು ಹೊಸ್ತಿಲು ದಾಟಲು ಅಳುಕುವ ಕಾಲ.

ಇನ್ನೊಂದು ಸಂಗತಿಯ ದಿನಾಂಕವೇ ನಮ್ಮ ಹಬ್ಬದ ದಿನ. 1983ರ ಸೆಪ್ಟೆಂಬರ್ 8ರಂದು, ಸಿರ್ಸಿ ತಾಲೂಕಿನ ಸಾಲ್ಕಣಿಯ ಸುತ್ತಿನ ಗಂಡಸರು, ಹೆಂಗಸರು, ಯುವಕರು ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದುವೇ ‘ಅಪ್ಪಿಕೋ’ ಚಳವಳಿ. ಪಾಂಡುರಂಗ ಹೆಗಡೆ ಮೊದಲಾದವರು ಅದನ್ನು ಊರೂರಿಗೆ ಒಯ್ದರು. ಮರ ಕಡಿಯುವುದು ಅಂದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಗುತ್ತಿಗೆಯವರ ಬಳಿ ಕಾಗದವಿತ್ತು, ಇಲಾಖೆಯ ಮುದ್ರೆಯಿತ್ತು. ಆದರೂ ಹಳ್ಳಿಯ ಜನ, ಕಾಗದ ಸರಿಯಿದ್ದ ಮಾತ್ರಕ್ಕೆ ಕೆಲಸ ಸರಿಯಾಗುವುದಿಲ್ಲ ಎಂದರು. ಅವರು ಯಾರಿಗೂ ಕಲ್ಲೆಸೆಯಲಿಲ್ಲ. ಅಪ್ಪಿಕೊಂಡರು, ಅಷ್ಟೆ.

ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ಪವಿತ್ರಾತ್ಮರು ತಮಗೆ ಬೇಕಾದಲ್ಲಿ ಬೀಸುತ್ತಾರೆ. ಮರಿಯಮ್ಮನವರ ಹುಟ್ಟುಹಬ್ಬದಂದು ನಮ್ಮ ನೆರೆಯವರು ನಮಗೆ ಕೊಟ್ಟ ಪ್ರಬೋಧನೆ ಅದು ಎಂದು ನಾನು ತಿಳಿಯುತ್ತೇನೆ.

ನಮ್ಮ ಮನೆಯ ಲೆಕ್ಕ

ಈಗ ನಮ್ಮ ಮನೆಗೆ ಬರೋಣ. ನೂರು ವರ್ಷದ ನಂತರ ನಮ್ಮ ಮೊಮ್ಮಕ್ಕಳ ಮಕ್ಕಳು ಕುಳಿತು, ‘ಇವರೂ ಕ್ರೈಸ್ತರೇ ಆಗಿದ್ದರಲ್ಲ, ಇದು ಪಾಪವೆಂದು ಇವರಿಗೆ ಹೊಳೆಯಲಿಲ್ಲವೇ?’ ಎಂದು ಕೇಳುವಂಥದ್ದು ಏನಿದೆ?

ಮೊದಲನೆಯದು, ಹೆಣ್ಣು ಮಗು. ಇಂದಿನದು ಒಂದು ಹೆಣ್ಣು ಮಗುವಿನ ಹುಟ್ಟುಹಬ್ಬ. ಸಂಪ್ರದಾಯದ ಪ್ರಕಾರ ಅನ್ನಮ್ಮ, ಜೋಕಿಮರು ವಯಸ್ಸಾದ ಮೇಲೆ ಕಣ್ಣೀರಿಟ್ಟು ಪಡೆದ ಮಗು. ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣು ಮಕ್ಕಳಿದ್ದರು. 2011ರಲ್ಲಿ 948. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದೆ. ಕಾನೂನು ಯಂತ್ರವನ್ನು ತಡೆಯಬಹುದು. ‘ಈ ಸಲವೂ ಹೆಣ್ಣೇ?’ ಎಂದು ಆಸ್ಪತ್ರೆಯ ಬಾಗಿಲಲ್ಲಿ ಮುಖ ಸಪ್ಪೆ ಮಾಡುವ ಅತ್ತೆಯ ಮುಖವನ್ನು ಕಾನೂನು ತಡೆಯಲಾರದು. ಹೂವನ್ನು ಪುಟ್ಟ ಮರಿಯಮ್ಮನ ಪಾದಕ್ಕೂ ಸಪ್ಪೆ ಮುಖವನ್ನು ಮನೆಯ ಮಗುವಿಗೂ ಕೊಟ್ಟರೆ ಆ ತಾಯಿ ಮೆಚ್ಚುವಳೇ?

ಎರಡನೆಯದು, ಮದುವೆ. ಆ ಮಗುವೇ ದೊಡ್ಡವಳಾದಾಗ ಅವಳಿಗೆ ಬೆಲೆ ಕಟ್ಟುತ್ತೇವೆ. ವರದಕ್ಷಿಣೆ 1961ರಿಂದ ಅಪರಾಧ. ಈಗ ಅದರ ಹೆಸರು ಬದಲಾಗಿದೆ: ‘ನಿಮ್ಮ ಮಗಳಿಗೆ ನೀವು ಹಾಕುವುದು’, ‘ಹಾಲ್ ಮಾತ್ರ ದೊಡ್ಡದಿರಲಿ’. ಅಡಿಕೆಗೆ ದರ ಬಂದ ವರ್ಷದ ಒಂದು ದೊಡ್ಡ ಮದುವೆ ನೋಡಿ, ತೋಟವಿಲ್ಲದ ಪಕ್ಕದ ಮನೆಯವರೂ ಸೊಸೈಟಿಯಲ್ಲಿ ಸಾಲ ಎತ್ತುತ್ತಾರೆ. ಒಂದು ದಿನದ ಊಟಕ್ಕೆ ಏಳು ವರ್ಷದ ಕಂತು. ಕಂತು ಕಟ್ಟುವಾಗ ಆ ನಾಲ್ಕು ಜನ ಬರುತ್ತಾರೆಯೇ? ಉಳ್ಳವರು ಸರಳವಾಗಿ ಮಾಡಿದರೆ ಇಲ್ಲದವರಿಗೆ ಉಸಿರು ಬರುತ್ತದೆ. ಈ ಹೊಣೆ ಉಳ್ಳವರದು.

ಮೂರನೆಯದು, ನಮ್ಮ ಪಂಕ್ತಿ. ಸಿದ್ದಿ ಸಮುದಾಯವನ್ನು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಯಲ್ಲಾಪುರ ಭಾಗದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇವು ಸಂತೋಷದ ಸಂಗತಿಗಳು. ಆದರೆ ನಮ್ಮ ಎದೆಯ ಪಟ್ಟಿಗೆ ಅವರು ಸೇರಿದ್ದಾರೆಯೇ? ದೇವಾಲಯದಲ್ಲಿ ಒಂದೇ ಪರಮಪ್ರಸಾದ ತೆಗೆದುಕೊಳ್ಳುತ್ತೇವೆ. ಹಬ್ಬದ ಊಟಕ್ಕೆ ಸಿದ್ದಿ ಮನೆಯವರನ್ನು ಕರೆದವರು ನಮ್ಮಲ್ಲಿ ಎಷ್ಟು ಜನ? ತೋಟದ ಕೆಲಸಕ್ಕೆ ಕರೆಯುತ್ತೇವೆ, ಡಮಾಮಿ ಕುಣಿತಕ್ಕೆ ಕರೆಯುತ್ತೇವೆ. ಮೋವಾಬ್ಯಳಾದ ರೂತಳನ್ನು ತಮ್ಮ ಮಗನ ವಂಶಕ್ಕೆ ಸೇರಿಸಿಕೊಂಡ ದೇವರು ನಮ್ಮ ಪಂಕ್ತಿಯಲ್ಲಿ ಖಾಲಿ ಇರುವ ಎಲೆಯನ್ನು ನೋಡುತ್ತಿದ್ದಾರೆ.

ಕೊನೆಯದಾಗಿ, ಯುವಜನರಿಗೆ ಒಂದು ಮಾತು. ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು 2025ರಲ್ಲಿ ಕೇಂದ್ರದ ಕಾನೂನು ನಿಷೇಧಿಸಿತು. ಅಷ್ಟರೊಳಗೆ ಎಷ್ಟೋ ಮನೆಗಳ ಹಣ, ನಿದ್ದೆ, ನಂಬಿಕೆ ಎಲ್ಲವೂ ಹೋಗಿತ್ತು. ‘ಎಲ್ಲರೂ ಆಡುತ್ತಾರೆ’ ಎಂದೇ ಅದೂ ಶುರುವಾದದ್ದು. ಕಾನೂನು ಬರುವವರೆಗೆ ಕಾಯುವವನು ಕಾನೂನಿಗೆ ಹೆದರುವವನು. ಮೊದಲೇ ಬಿಡುವವನು ಮನಸ್ಸಾಕ್ಷಿ ಉಳ್ಳವನು.

ಹಾಗಾದರೆ ನಾವೇನು ಮಾಡೋಣ? ಲೋಕ ಕೆಟ್ಟಿತೆಂದು ಗೊಣಗುವುದು ಸುಲಭ. ಅದರಿಂದ ಒಂದು ಮರವೂ ಉಳಿಯುವುದಿಲ್ಲ, ಒಂದು ಮಗುವೂ ಬದುಕುವುದಿಲ್ಲ. ಲೋಕದ ಅಚ್ಚಿಗೆ ಸರಿಯಾಗಿ ನಿಮ್ಮನ್ನು ಎರೆದುಕೊಳ್ಳಬೇಡಿರಿ, ಮನಸ್ಸನ್ನು ಹೊಸದು ಮಾಡಿಕೊಳ್ಳಿರಿ ಎಂಬುದೇ ಸಂತ ಪೌಲರು ರೋಮಿನ ಕ್ರೈಸ್ತರಿಗೆ ಕೊಟ್ಟ ಬುದ್ಧಿವಾದ. ಹೊಸ ಅಕ್ಕಿ ಉಣ್ಣುವ ದಿನ ಹೊಸ ಮನಸ್ಸನ್ನೂ ಬೇಡೋಣ. ಇಂದು ಊಟಕ್ಕೆ ಕುಳಿತಾಗ ಮೊಬೈಲುಗಳನ್ನು ದೇವರ ಪೀಠದ ಹತ್ತಿರ ಇಟ್ಟುಬನ್ನಿ. ಹೊಸ ಅಕ್ಕಿಯ ಮೊದಲ ತುತ್ತನ್ನು ಮನೆಯ ಅತಿ ಕಿರಿಯ ಹೆಣ್ಣು ಮಗುವಿಗೆ ಕೊಡಿ. ಒಂದು ಎಲೆ ಹೆಚ್ಚು ಹಾಕಿ, ನಿಮ್ಮ ಮನೆಯ ಪಂಕ್ತಿಯಲ್ಲಿ ಇದುವರೆಗೆ ಕೂರದ ಒಬ್ಬರನ್ನು ಕರೆಯಿರಿ. ನಾಲ್ಕು ಜನ ಏನಾದರೂ ಅಂದರೆ ಅನ್ನಲಿ. ಜೋಸೆಫರ ಬಗ್ಗೆಯೂ ಅಂದಿದ್ದಾರು.

ಪ್ರಾರ್ಥಿಸೋಣ: ಓ ಮರಿಯ ತಾಯೇ, ನಿನ್ನ ಹುಟ್ಟಿನಿಂದ ಲೋಕಕ್ಕೆ ಬೆಳಗಿನ ಜಾವ ಮೂಡಿತು. ಜನರ ಮಾತಿಗಿಂತ ದೇವರ ಮಾತಿಗೆ ಕಿವಿಗೊಡುವ ಧೈರ್ಯವನ್ನು ನಿನ್ನ ಮಗನಿಂದ ನಮಗೆ ಬೇಡಿಕೊಡು. ನಮ್ಮ ಮನೆಯ ಹೆಣ್ಣು ಮಕ್ಕಳನ್ನು, ನಮ್ಮ ಕಾಡುಗಳನ್ನು, ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಎಲ್ಲ ಧರ್ಮದ ನೆರೆಯವರನ್ನು ನಿನ್ನ ಸೆರಗಿನಡಿ ಕಾಪಾಡು. ಆಮೆನ್.