ಪಟ್ಟಿಯಲ್ಲೊಂದು ಹೆಸರು

ಹರಿಹರದ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ನಿಂತವರಿಗೆ ಇಂದು ಎರಡು ದಡಗಳ ನಡುವೆ ಯಾವ ಭೇದವೂ ತೋರದು. ಈಚೆ ಹರಿಹರ, ಆಚೆ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ; ಅದೇ ನೀರು, ಅದೇ ಮಾತು. ಆದರೆ ಸ್ವಾತಂತ್ರ್ಯಕ್ಕೆ ಮೊದಲು ಈ ಹೊಳೆ ಎರಡು ಸರ್ಕಾರಗಳ ಗಡಿಯಾಗಿತ್ತು. ದಕ್ಷಿಣಕ್ಕೆ ಮೈಸೂರು ಸಂಸ್ಥಾನ, ಉತ್ತರಕ್ಕೆ ಮುಂಬಯಿ ಪ್ರಾಂತ. ಕಾನೂನು ಬೇರೆ, ಕಚೇರಿ ಬೇರೆ. ಒಂದು ವಿಷಯದಲ್ಲಿ ಮಾತ್ರ ಎರಡು ದಡಗಳಿಗೂ ಒಮ್ಮತವಿತ್ತು: ಮತ ನೀಡುವ ಅರ್ಹತೆ ಎಲ್ಲರಿಗೂ ಸಲ್ಲತಕ್ಕದ್ದಲ್ಲ ಎಂಬ ವಿಷಯದಲ್ಲಿ.

ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ ಸಭೆಯ ಬಾಗಿಲು ಕಂದಾಯ ಕಟ್ಟುವವನಿಗೆ, ವ್ಯಾಪಾರಿಗೆ, ಪದವೀಧರನಿಗೆ ತೆರೆದಿತ್ತೇ ಹೊರತು ಅವರ ಹೊಲದಲ್ಲಿ ಕೂಲಿ ಮಾಡುವವನಿಗಲ್ಲ. ಆಸ್ತಿ ಮತ್ತು ವಿದ್ಯೆಗಳ ಈ ಅಳತೆಗೋಲಿನಲ್ಲಿ ಜಾತಿಯ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಯಾರಿಗೆ ಭೂಮಿಯನ್ನೂ ಅಕ್ಷರವನ್ನೂ ತಲೆತಲಾಂತರದಿಂದ ನಿರಾಕರಿಸಲಾಗಿತ್ತೋ ಅವರು ತಾವಾಗಿಯೇ ಹೊರಗೆ ಉಳಿಯುತ್ತಿದ್ದರು. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಯುವಕ ಅಂಬೇಡ್ಕರರು ಅಸ್ಪೃಶ್ಯರಿಗೆ ಮತಾಧಿಕಾರ ಬೇಕೆಂದು ವಾದಿಸಿದ್ದು ಇದನ್ನು ಅರಿತೇ.

ಹರಿಹರದ ದೇಗುಲವನ್ನು ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದನು. ಒಂದೇ ವಿಗ್ರಹದಲ್ಲಿ ಹರಿಗೂ ಹರನಿಗೂ ಸಮಪಾಲು ಕೊಟ್ಟ ಊರು ಅದು. ಅಲ್ಲಿನ ಮನುಷ್ಯರು ಪರಸ್ಪರ ಸಮಪಾಲು ಪಡೆಯಲು ಮತ್ತೆ ಏಳು ಶತಮಾನ ಕಾಯಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 325ನೆಯ ವಿಧಿ, ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರ ಹೆಸರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಕೂಡದು ಎಂದಿತು. 326ನೆಯ ವಿಧಿ ವಯಸ್ಕರೆಲ್ಲರಿಗೂ ಮತಾಧಿಕಾರವನ್ನಿತ್ತಿತು.

ಇದೇ ಕಾಲದಲ್ಲಿ, ನಮಗಿಂತ ಎಷ್ಟೋ ಮೊದಲು ಗಣರಾಜ್ಯವಾಗಿದ್ದ ಅಮೆರಿಕದಲ್ಲಿ ನಡೆಯುತ್ತಿದ್ದುದೇನು? ಜನಾಂಗದ ಕಾರಣದಿಂದ ಮತಾಧಿಕಾರವನ್ನು ನಿರಾಕರಿಸಬಾರದೆಂದು ಅಲ್ಲಿನ ಸಂವಿಧಾನಕ್ಕೆ 1870ರಲ್ಲಿಯೇ ತಿದ್ದುಪಡಿಯಾಗಿತ್ತು. ಆದರೂ ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ತಲೆಗಂದಾಯ ಮೊದಲಾದ ಉಪಾಯಗಳಿಂದ ಕಪ್ಪು ಜನರನ್ನು ದೂರವಿಟ್ಟವು. ಅಲ್ಲಿನ ಶ್ರೇಷ್ಠ ನ್ಯಾಯಾಲಯ 1959ರಲ್ಲಿಯೂ ಅಕ್ಷರ ಪರೀಕ್ಷೆ ತನ್ನಷ್ಟಕ್ಕೆ ತಪ್ಪಲ್ಲವೆಂದಿತು. ಕೊನೆಗೆ 1965ರ ಮಾರ್ಚ್ 7ರಂದು ಸೆಲ್ಮಾ ಎಂಬ ಊರಿನಲ್ಲಿ, ಅಲಬಾಮಾ ನದಿಯ ಸೇತುವೆಯನ್ನು ದಾಟಿ ಹೊರಟ ಸುಮಾರು 600 ಮಂದಿ ನಿರಾಯುಧರ ಮೇಲೆ ಪೊಲೀಸರ ಲಾಠಿ ಬಿದ್ದಿತು. ಆ ದೃಶ್ಯ ದೇಶದ ಮನಸ್ಸನ್ನು ಕಲಕಿತು. ಆಗಸ್ಟ್ 6ರಂದು ಮತಾಧಿಕಾರ ಸಂರಕ್ಷಣೆಯ ಕಾಯಿದೆ ಬಂದಿತು. ಮರುವರ್ಷ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಅದೇ ನ್ಯಾಯಾಲಯ 2013ರಲ್ಲಿ, ಐವರ ಅಭಿಪ್ರಾಯಕ್ಕೆ ನಾಲ್ವರ ವಿರೋಧವಿದ್ದಾಗ, ಆ ಕಾಯಿದೆಯ ಒಂದು ಮುಖ್ಯ ಕಲಮನ್ನು ಅನೂರ್ಜಿತಗೊಳಿಸಿತು. ನ್ಯಾಯಾಲಯ ತೆರೆದ ಬಾಗಿಲನ್ನು ನ್ಯಾಯಾಲಯವೇ ಅರ್ಧ ಮುಚ್ಚಲೂ ಬಹುದೆಂಬುದಕ್ಕೆ ಇದು ಸಾಕ್ಷಿ.

ನಾವು ಅಕ್ಷರದ ಪರೀಕ್ಷೆಯನ್ನು ಇಡಲಿಲ್ಲ. ಓದಲಾರದವನಿಗಾಗಿ ಚಿಹ್ನೆಗಳನ್ನು ಮುದ್ರಿಸಿದೆವು. 1962ರ ಚುನಾವಣೆಯಿಂದ ಅವನ ಬೆರಳಿಗೆ ಮೈಸೂರಿನ ಕಾರ್ಖಾನೆಯ ಶಾಯಿಯನ್ನು ಹಚ್ಚಿದೆವು. ಆದರೂ ಹಳೆಯ ಅಳತೆಗೋಲು ಪೂರ್ತಿ ಮುರಿದಿಲ್ಲ. ಪಂಚಾಯಿತಿಗೆ ಸ್ಪರ್ಧಿಸುವವರಿಗೆ ಇಂತಿಷ್ಟು ಓದು ಇರಬೇಕೆಂಬ ಹರಿಯಾಣದ ಕಾನೂನನ್ನು 2015ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಓದಿದವರಾದ ನಮಗೆ ಇದು ಸರಿಯೆಂದೇ ತೋರೀತು. ಆದರೆ ಶಾಲೆಯನ್ನು ಕೊಡದಿದ್ದ ಸಮಾಜ, ಶಾಲೆಗೆ ಹೋಗಲಿಲ್ಲವೆಂದು ದಂಡಿಸಬಹುದೆ?

ಇನ್ನು ನನ್ನದೇ ಒಂದು ನೆನಪು. 1983ರ ವಿಧಾನಸಭಾ ಚುನಾವಣೆಯಲ್ಲಿ, ಆಗಿನ್ನೂ ಎಳೆಯ ಮಾಸ್ತರನಾಗಿದ್ದ ನನ್ನನ್ನು ಹೊಳೆದಂಡೆಯ ಒಂದು ಹಳ್ಳಿಗೆ ಮತಗಟ್ಟೆಯ ಕೆಲಸಕ್ಕೆ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಕೇರಿಯ ವೃದ್ಧೆಯೊಬ್ಬಳು ಬಂದಳು. ಪಟ್ಟಿಯನ್ನು ಎರಡು ಸಲ ತಿರುವಿದೆ, ಅವಳ ಹೆಸರಿರಲಿಲ್ಲ. “ಹೋದ ಸಲ ಇತ್ತಲ್ಲಪ್ಪಾ, ಈಗೆಲ್ಲಿ ಹೋತು?” ಎಂದಳು. “ಪಟ್ಟೀಲಿಲ್ಲಮ್ಮಾ, ನಾನೇನು ಮಾಡ್ಲಿ?” ಎಂದೆ. ನಿಯಮದಂತೆ ನನ್ನ ಮಾತು ಸರಿ. ಪಟ್ಟಿಯಲ್ಲಿಲ್ಲದವರಿಗೆ ಮತವಿಲ್ಲ. ಅವಳು ಜಗಳವಾಡಲಿಲ್ಲ. ತೊಳೆದುಟ್ಟ ಸೀರೆಯ ಸೆರಗನ್ನು ಸರಿಮಾಡಿಕೊಂಡು, ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದವಳು, ಸುಮ್ಮನೆ ಹಿಂತಿರುಗಿದಳು. ಹೆಸರು ಹೇಗೆ ಹೋಯಿತೆಂದು ಕೇಳಿ ಬರೆದುಕೊಳ್ಳುವ ಯೋಚನೆ ಕೂಡ ನನಗೆ ಬರಲಿಲ್ಲ. ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇಂದಿಗೂ ಬಾಕಿಯಿದೆ.

ಆ ಉತ್ತರದ ಒಂದು ಭಾಗವನ್ನು ನ್ಯಾಯಾಲಯ ಹನ್ನೆರಡು ವರ್ಷಗಳ ಬಳಿಕ ಕೊಟ್ಟಿತು. ಮುಂಬಯಿ, ದೆಹಲಿಗಳಲ್ಲಿ ಬಡವರ ವಸತಿಗಳ ಜನರನ್ನು ಪಟ್ಟಿಯಿಂದ ತೆಗೆಯಹೊರಟಾಗ, ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೀಗೆ ನಿರ್ಣಯಿಸಿತು: ಒಮ್ಮೆ ಪಟ್ಟಿಗೆ ಸೇರಿದ ಹೆಸರಿಗೆ ಬೆಲೆಯಿದೆ, ಅದನ್ನು ತೆಗೆಯುವ ಮುನ್ನ ನೋಟೀಸು ಕೊಡಬೇಕು, ಕಾರಣ ತಿಳಿಸಬೇಕು, ಅವರ ಮಾತನ್ನು ಕೇಳಬೇಕು. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದಾಗಲೂ, ಆ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಅದು ಆಜ್ಞಾಪಿಸಿತು. “ಎಲ್ಲಿ ಹೋತು?” ಎಂಬ ಪ್ರಶ್ನೆ ಕಡೆಗೂ ಕಾನೂನಿನ ಭಾಷೆಯನ್ನು ಪಡೆಯಿತು.

ಆದರೆ ತೀರ್ಪು ದೆಹಲಿಯಲ್ಲಿ ಹೊರಡುತ್ತದೆ. ಹೆಸರು ಅಳಿಯುವುದು ನಮ್ಮ ಬೀದಿಯಲ್ಲಿ. ದಾವಣಗೆರೆಯ ಹತ್ತಿ ಗಿರಣಿಗಳು ನಿಂತಮೇಲೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸರಿದವರು, ಮಂಡಕ್ಕಿ ಭಟ್ಟಿಯ ಬೆಂಕಿಯೆದುರು ದುಡಿಯುವವರು, ಸುಗ್ಗಿ ಹುಡುಕಿಕೊಂಡು ಊರೂರು ತಿರುಗುವವರು, ಇವರ ಮನೆಯ ಕದ ತಟ್ಟಿದಾಗ ಒಳಗೆ ಯಾರೂ ಇರುವುದಿಲ್ಲ. ಇಲ್ಲದವರೆಂದು ಬರೆದುಕೊಳ್ಳುವುದು ಸುಲಭ. ಹಗಲಿಡೀ ಮನೆಯಲ್ಲಿರುವ ಅನುಕೂಲವೂ ಒಂದು ಆಸ್ತಿಯೇ ತಾನೆ?

ಆದುದರಿಂದ ಶ್ರೋತೃಗಳಲ್ಲಿ ನನ್ನ ಬಿನ್ನಹವಿಷ್ಟೆ. ಕರಡು ಪಟ್ಟಿ ಪ್ರಕಟವಾದಾಗ ನಮ್ಮ ಹೆಸರನ್ನು ಕಂಡು ನಿಶ್ಚಿಂತರಾಗಿ ಮಡಿಸಿಡದಿರೋಣ. ಮನೆಗೆಲಸದವಳ ಹೆಸರಿದೆಯೆ, ಹಿತ್ತಲಿನಾಚೆಯ ಗುಡಿಸಲವರ ಹೆಸರಿದೆಯೆ ಎಂದು ಇನ್ನೆರಡು ಪುಟ ತಿರುವೋಣ. ಇಲ್ಲದಿದ್ದರೆ ಅವರೊಡನೆ ಕಚೇರಿಯವರೆಗೆ ನಡೆಯೋಣ. ಅಂದು ಆ ಮುದುಕಿಯೊಡನೆ ನಾನು ನಡೆಯದೆ ಹೋದ ದಾರಿ ಅದು.