ನೆಲವೂ ಬೇಡ, ಹಾಸಿಗೆಯೂ ಬೇಡ

ಸೊಂಟದ ಕೀಲು ಬದಲಾಯಿಸಿಕೊಂಡು ಊರಿಗೆ ಮರಳುವವರಿಗೆ ವೈದ್ಯರು ಎರಡು ಮಾತು ಹೇಳಿ ಕಳಿಸುತ್ತಾರೆ. ನೆಲದ ಮೇಲೆ ಕೂರಬೇಡಿ. ಸುಮ್ಮನೆ ಮಲಗಿಯೂ ಇರಬೇಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಮನೆಗಳಿಗೆ ಈ ಎರಡೂ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ನಮ್ಮ ಬದುಕು ನಡೆಯುವುದೇ ನೆಲದ ಮಟ್ಟದಲ್ಲಿ. ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವುದು, ಈಳಿಗೆಮಣೆ ಮುಂದೆ ಕೂತು ಸೊಪ್ಪು ಹೆಚ್ಚುವುದು, ಚಕ್ಕಳಮಕ್ಕಳ ಹಾಕಿ ಮುದ್ದೆ ಉಣ್ಣುವುದು, ಕುಕ್ಕರುಗಾಲಲ್ಲಿ ಶೌಚ. ಹೊಸ ಕೀಲು ಎಂದರೆ ಒಂದು ಬಟ್ಟಲು, ಅದರೊಳಗೆ ತಿರುಗುವ ಒಂದು ಗುಂಡು. ಸುತ್ತಲಿನ ಮಾಂಸಖಂಡ ಕೂಡಿಕೊಂಡು ಬಲಿಯಲು ಆರು ವಾರದಿಂದ ಮೂರು ತಿಂಗಳು ಬೇಕಾಗುತ್ತದೆ. ಅಷ್ಟರೊಳಗೆ ಸೊಂಟ ಹೆಚ್ಚು ಬಗ್ಗಿದರೆ, ಕಾಲ ಮೇಲೆ ಕಾಲು ಬಿದ್ದರೆ, ಪಾದ ಒಳಗೆ ತಿರುಚಿಕೊಂಡರೆ ಗುಂಡು ಜಾರಬಹುದು. ಮುಂದಿನಿಂದ ಕೊಯ್ದಿದ್ದಾರೋ ಹಿಂದಿನಿಂದಲೋ ಎಂಬುದರ ಮೇಲೆ ಕಟ್ಟುಪಾಡು ಬದಲಾಗುವುದರಿಂದ, ಪಕ್ಕದ ಬೀದಿಯವರ ಅನುಭವ ಕೇಳದೆ ನಿಮ್ಮ ವೈದ್ಯರನ್ನೇ ಕೇಳಿ. ಒಂದು ಅಳತೆ ಮಾತ್ರ ನೆನಪಿರಲಿ: ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೇಳಬಾರದು. ಹಗ್ಗದ ಮಂಚವೂ ಮೆತ್ತನೆ ಸೋಫಾವೂ ಇದಕ್ಕೆ ಆಗಿಬರುವುದಿಲ್ಲ. ಕೈಯಿರುವ ಎತ್ತರದ ಗಟ್ಟಿ ಕುರ್ಚಿ, ಒಂದು ಕಮೋಡ್ ಕುರ್ಚಿ, ಬಚ್ಚಲಲ್ಲಿ ಜಾರದ ಸ್ಟೂಲು, ಇವು ಕೀಲು ಹಾಕಿಸಿಕೊಂಡ ಅವ್ವ ಬರುವ ಮೊದಲೇ ಮನೆಯಲ್ಲಿರಲಿ. ಬಾಗಿಲ ಬಳಿಯ ಚಾಪೆ ಎತ್ತಿಡಿ. ಹಳೇ ಮನೆಯ ಹೊಸ್ತಿಲು ಎತ್ತರ, ಅಲ್ಲಿ ಒಬ್ಬರು ಪಕ್ಕದಲ್ಲಿ ನಿಲ್ಲಿ. ಹಾಗೆಯೇ, ಚನ್ನಪಟ್ಟಣದ ಬೊಂಬೆ ಎಷ್ಟೇ ಚೆಂದವಿದ್ದರೂ ವಾಕರ್ ಹೋಗುವ ದಾರಿಯಲ್ಲಿ ಉರುಳಿಕೊಂಡಿರಬಾರದು.

ಎರಡನೆಯದು, ಸುಮ್ಮನೆ ಮಲಗಿರಬಾರದು ಎಂಬುದು, ಇನ್ನೂ ಕಷ್ಟ, ಯಾಕೆಂದರೆ ಅಲ್ಲಿ ಅಡ್ಡ ಬರುವುದು ಪ್ರೀತಿ. 'ಯಾಕವ್ವ ಎದ್ದೆ, ಮನಿಕೊ' ಎನ್ನುವುದೇ ನಮ್ಮ ಕಡೆ ಅಕ್ಕರೆ. ರೇಷ್ಮೆ ಹುಳ ಪೊರೆ ಕಳಚಲು ಜ್ವರಕ್ಕೆ ಕೂತರೆ ಸೊಪ್ಪು ಹಾಕಬಾರದು, ಅಲುಗಿಸಬಾರದು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಕೀಲು ಹಾಕಿಸಿಕೊಂಡವರ ಲೆಕ್ಕ ಅದಕ್ಕೆ ತಿರುವುಮುರುವು. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಉಕ್ಕಿನ ಗುಂಡು, ಪಾಲಿಎಥಿಲೀನ್ ಬಟ್ಟಲಿನ ಕೀಲು ಕೂರಿಸಿದ ಆ ಕಾಲದಲ್ಲಿ ವೈದ್ಯರೇ ರೋಗಿಗಳನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಆಪರೇಷನ್ ಆದ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮಂಚದಲ್ಲಿದ್ದಾಗಲೂ ಪಾದ ಮೇಲೆ ಕೆಳಗೆ ಆಡಿಸುತ್ತಿರಬೇಕು. ದಿನಕ್ಕೆ ಹಲವು ಸಲ ನಡುಮನೆಯಲ್ಲೇ ಸ್ವಲ್ಪ ಸ್ವಲ್ಪ ನಡೆಯಬೇಕು. ನಡೆಯುವ ಮುಂಚೆ ನೋವಿನ ಮಾತ್ರೆ ನುಂಗುವುದು ಹೇಡಿತನವಲ್ಲ, ನೋವು ಹಿಡಿತದಲ್ಲಿದ್ದರೆ ಕಾಲು ನೆಟ್ಟಗೆ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮವನ್ನು ಆಸ್ಪತ್ರೆಯಲ್ಲೇ ಫೋನಿನಲ್ಲಿ ವೀಡಿಯೋ ಮಾಡಿಕೊಂಡು ಬನ್ನಿ, ಊರಲ್ಲಿ ಕೇಳೋಣವೆಂದರೆ ಯಾರೂ ಸಿಗುವುದಿಲ್ಲ.

ಊಟದ ವಿಷಯಕ್ಕೆ ಬಂದರೆ ನಂಜಿನ ಭಯ. ಮೊಟ್ಟೆ ಕೊಟ್ಟರೆ ಕೀವು, ಬೇಳೆ ಕೊಟ್ಟರೆ ಕೀವು ಎನ್ನುತ್ತಾರೆ! ಆದರೆ ಗಾಯ ಮಾಯಲು ಬೇಕಾದ್ದೇ ಅಂಥ ಊಟ. ವೈದ್ಯರು ಬೇರೆ ಕಾರಣಕ್ಕೆ ಬೇಡವೆನ್ನದಿದ್ದರೆ ಮೊಟ್ಟೆ, ಕಾಳು, ಸೊಪ್ಪು ಧಾರಾಳವಾಗಿ ಕೊಡಿ, ನೀರನ್ನೂ ಕೊಡಿ, ನೋವಿನ ಮಾತ್ರೆಗೆ ಮಲಬದ್ಧತೆ ಆಗುವುದುಂಟು.

ರಾತ್ರಿ ಉದ್ದ. ತೊಡೆಗಳ ನಡುವೆ ದಿಂಬಿಟ್ಟುಕೊಂಡು ಅಂಗಾತ ಮಲಗಿದವರಿಗೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ, ಹಗಲು ಸಿಟ್ಟು ಬರುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಹೊಲ, ಹುಳದ ಮನೆ ಎರಡನ್ನೂ ನಿಭಾಯಿಸಿದವರಿಗೆ ಒಳಲಂಗ ಕಟ್ಟಲೂ ಇನ್ನೊಬ್ಬರು ಬೇಕಾದಾಗ ಹೇಗಾಗಬೇಡ? ಒಂದು ನಿಷ್ಠುರದ ಮಾತು: ಆಪರೇಷನ್‌ಗೆ ದುಡ್ಡು ಹೊಂದಿಸಿದ್ದು ಮಗ ಎಂದು ಊರೆಲ್ಲ ಹೊಗಳುತ್ತದೆ, ಕಮೋಡ್ ತೊಳೆಯುವುದು ಮಾತ್ರ ಸೊಸೆ. ಮಗನಿಗೂ ಎರಡು ಕೈಗಳಿವೆ.

ಮೀನಖಂಡ ಊದಿ ನೋವು ಬಂದರೆ, ಗಾಯದಿಂದ ನೀರು ಒಸರಿದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಅಥವಾ ಕಾಲು ಗಿಡ್ಡವಾಗಿ ತಿರುಗಿಕೊಂಡಂತೆ ಕಂಡರೆ 108ಕ್ಕೆ ಕರೆ ಮಾಡಿ. ರಕ್ತ ತೆಳುಮಾಡುವ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಚೆಕಪ್ಪಿಗೆ ಹೋದಾಗ ಎಕ್ಸ್‌ರೇ ತೋರಿಸಿ ಎದ್ದು ಬರಬೇಡಿ. ಊರ ಹಬ್ಬದ ಪಂಕ್ತಿಯಲ್ಲಿ ಎಂದಾದರೂ ನೆಲಕ್ಕೆ ಕೂರಬಹುದೇ, ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು ಸಂತೆಗೆ ಹೋಗುವುದು ಯಾವಾಗ, ಹಸುವಿನ ಹಾಲು ಕರೆಯಲು ಯಾವ ಎತ್ತರದ ಸ್ಟೂಲು ಬೇಕು ಎಂದು ಬಾಯಿಬಿಟ್ಟು ಕೇಳಿ. ಎಕ್ಸ್‌ರೇಯಲ್ಲಿ ಕೀಲು ಕಾಣುತ್ತದೆ, ನಿಮ್ಮ ಕೊಟ್ಟಿಗೆ ಕಾಣುವುದಿಲ್ಲ.